ಕಿರ್ದಿಯ ಕೊನೆಯ ಹಾಳೆಗಳು: ಬನಹಟ್ಟಿ ಕಡೆಯ ಒಂದು ದಿವಾಳಿ ಪ್ರಕರಣ

ಇದು ನಾನೇ ನಡೆಸಿದ ಪ್ರಕರಣ. ಕಕ್ಷಿದಾರರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಓಣಿ, ತಿಂಗಳು, ಮೊತ್ತ, ನೆಂಟಸ್ತಿಕೆಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ರಬಕವಿ-ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡಿ ಕೈ ಸುಟ್ಟುಕೊಂಡವರು ಒಬ್ಬಿಬ್ಬರಲ್ಲ. ಹಾಗಾಗಿ ಇವರು ಇಂಥವರೇ ಇರಬೇಕು ಎಂದು ಯಾರಾದರೂ ಊಹಿಸಿದರೆ ಅದು ತಪ್ಪಾಗುವ ಸಾಧ್ಯತೆಯೇ ಜಾಸ್ತಿ. ಇಲ್ಲಿ ಅವರನ್ನು ಮಾಲಕರು ಎನ್ನುತ್ತೇನೆ. ನೇಕಾರರು ಅವರನ್ನು ಕರೆಯುತ್ತಿದ್ದುದೂ ಹಾಗೆಯೇ.

ಉದ್ರಿಯ ಧಂದೆ

ಮಾಲಕರದು ಅಪ್ಪನ ಕಾಲದ ಧಂದೆ. ಇಚಲಕರಂಜಿಯಿಂದ ನೂಲು ಉದ್ರಿ ತರುತ್ತಿದ್ದರು. ಬೀಮು (ಮಗ್ಗಕ್ಕೆ ಏರಿಸುವ ನೂಲಿನ ಸುರುಳಿ) ಮಾಡಿಸಿ ನೇಕಾರರಿಗೆ ಕೊಟ್ಟು, ಸೀರೆಗೆ ಇಷ್ಟು ಎಂದು ಮಜೂರಿ ಕೊಡುತ್ತಿದ್ದರು. ತಯಾರಾದ ಸೀರೆಯನ್ನು ಮತ್ತೆ ಉದ್ರಿಯಲ್ಲೇ ಮಹಾರಾಷ್ಟ್ರದ ಅಂಗಡಿಗಳಿಗೆ ಕಳಿಸುತ್ತಿದ್ದರು. ಗೋದಾಮಿನಲ್ಲಿ ಸ್ವಂತದ 16 ಮಗ್ಗ ಇದ್ದವು. ಹೊರಗಿನವರೂ ಸೇರಿ 31 ಮಂದಿ ಇವರ ಮಜೂರಿಯ ಮೇಲೆ ಬದುಕುತ್ತಿದ್ದರು. ಈ ವ್ಯಾಪಾರದಲ್ಲಿ ನಗದು ಕಾಣುವುದು ಮಜೂರಿ ಕೊಡುವ ದಿನ ಮಾತ್ರ. ಉಳಿದದ್ದೆಲ್ಲ ಪತ್ತಿನ ಮೇಲೆ. ಸಾಲ ಕೊಡುವ ಸಂಘಕ್ಕೇ ನಾವು ಪತ್ತಿನ ಸಂಘ ಎನ್ನುತ್ತೇವೆ ಅಲ್ವಾ, ಅದೇ ಪತ್ತು.

ಪತ್ತು ಒಂದೇ ದಿನ ಹೋಗಲಿಲ್ಲ. 2016ರ ನೋಟು ರದ್ದತಿ, 2017ರ ಜಿಎಸ್‌ಟಿ ಎರಡನ್ನೂ ಹೇಗೋ ದಾಟಿದ್ದರು. 2019ರ ಆಗಸ್ಟ್‌ನಲ್ಲಿ ಕೃಷ್ಣೆಗೆ ನೆರೆ ಬಂದಾಗ ಹೊಳೆ ದಂಡೆಯ ಗಿರಾಕಿಗಳ ಬಾಕಿ ನಿಂತಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಹೊರಗಿನ ಅಂಗಡಿಗಳಲ್ಲಿ 19 ಲಕ್ಷ ರೂಪಾಯಿ ಸಿಕ್ಕಿಕೊಂಡಿತು. ಮದುವೆ ಸೀಸನ್ನೇ ಇಲ್ಲದ ವರ್ಷ ಸೀರೆ ಯಾರು ಕೊಳ್ಳುತ್ತಾರೆ?

ಅವರು ನನ್ನ ಆಫೀಸಿಗೆ ಬಂದದ್ದು 2022ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಸಾಲ ಹೀಗಿತ್ತು. ಬ್ಯಾಂಕಿಗೆ 22 ಲಕ್ಷ, ಇದಕ್ಕೆ ಗೋದಾಮು ಮತ್ತು ಮಗ್ಗಗಳು ಅಡವು. ಪತ್ತಿನ ಸಂಘಕ್ಕೆ 9 ಲಕ್ಷ, ಭಾವ ಜಾಮೀನು. ನೂಲಿನ ನಾಲ್ಕು ಪೇಢಿಗಳಿಗೆ, ಅಂದರೆ ನೂಲು ಮಾರುವ ವ್ಯಾಪಾರಿ ಸಂಸ್ಥೆಗಳಿಗೆ, 17 ಲಕ್ಷ. ಓಣಿಯವರು, ನೆಂಟರು ಸೇರಿ 11 ಜನರ ಕೈಗಡ 13 ಲಕ್ಷ. ಖಾಸಗಿ ಫೈನಾನ್ಸಿನ ಒಬ್ಬನಿಗೆ 6 ಲಕ್ಷ. ಮಜೂರಿ ಬಾಕಿ 3 ಲಕ್ಷ 80 ಸಾವಿರ. ಒಟ್ಟು 71 ಲಕ್ಷದ ಹತ್ತಿರ.

"ಪಾಪರ್ ಚೀಟಿ ತಗೊಳ್ಳೋಣ ಅಂತ ಬಂದೆ ಸರ. ಮೋದಿ ಕಾಯ್ದೆ ಐತಲ್ಲ, ನೂರೆಂಬತ್ತು ದಿನದಾಗ ಮುಗೀತೈತಂತ," ಎಂದರು.

ನೂರೆಂಬತ್ತು ದಿನವಲ್ಲ, ನೂರು ವರ್ಷ

ಇಲ್ಲಿಂದಲೇ ಮೊದಲ ಗೊಂದಲ. ಅವರು ಹೇಳಿದ್ದು 2016ರ ಇನ್ಸಾಲ್ವೆನ್ಸಿ ಅಂಡ್ ಬ್ಯಾಂಕ್ರಪ್ಟ್ಸಿ ಕೋಡ್ ಬಗ್ಗೆ. ಪೇಪರಿನಲ್ಲಿ ದೊಡ್ಡ ದೊಡ್ಡ ಕಂಪನಿಗಳ ಸುದ್ದಿ ಬರುವುದು ಅದರ ಅಡಿಯಲ್ಲೇ. 180 ದಿನದ ಗಡುವು ಅದರಲ್ಲಿರುವುದು ನಿಜ. ಅದು ವಿಸ್ತರಣೆಯಾಗಿ 330 ದಿನದವರೆಗೂ ಹೋಗಬಹುದು. ಆದರೆ ಅದು ಕಂಪನಿಗಳ ಮಾತು. ವ್ಯಕ್ತಿಗಳಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಆ ಸಂಹಿತೆಯಲ್ಲಿ ಬೇರೆಯೇ ಭಾಗ ಇದೆ. ಆ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಬಿದ್ದವರಿಗೆ ಮಾತ್ರ. ನಮ್ಮ ಮಾಲಕರದು ಕಂಪನಿ ಅಲ್ಲ. ಜಿಎಸ್‌ಟಿ ನಂಬರ್ ಇತ್ತು, ಉದ್ಯಮ್ ನೋಂದಣಿ ಇತ್ತು, ಅಂಗಡಿಗೆ ದೇವರ ಹೆಸರಿನ ಬೋರ್ಡ್ ಇತ್ತು. ಅಷ್ಟರಿಂದ ಅಂಗಡಿ ಬೇರೆ, ಮನುಷ್ಯ ಬೇರೆ ಆಗುವುದಿಲ್ಲ. ಅಂಗಡಿಯ ಸಾಲ ಅವರದೇ ಸಾಲ. ಅವರ ಮನೆಯೂ ಆ ಸಾಲಕ್ಕೆ ಉತ್ತರ ಕೊಡಬೇಕು.

ಹಾಗಾದರೆ ಇಂಥವರಿಗೆ ಯಾವ ಕಾನೂನು? 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಆ್ಯಕ್ಟ್. ಹೌದು, ಬ್ರಿಟಿಷರದ್ದು. ಅದನ್ನು ರದ್ದು ಮಾಡುವ ಕಲಂ ಹೊಸ ಸಂಹಿತೆಯಲ್ಲೇ ಇದೆ, ಆದರೆ ಆ ಕಲಂ ಜಾರಿಗೆ ಬಂದಿರಲಿಲ್ಲ. ಅರ್ಜಿ ಹೋಗುವುದು ಬೆಂಗಳೂರಿನ ಕಂಪನಿ ನ್ಯಾಯಮಂಡಳಿಗೆ ಅಲ್ಲ. ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರ್ಕಾರ ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯಕ್ಕೆ. ಮೂಲ ಕಾಯ್ದೆಯ ಪ್ರಕಾರ 500 ರೂಪಾಯಿ ಸಾಲ ಇದ್ದು, ತೀರಿಸಲು ಆಗದಿದ್ದರೆ ಅರ್ಜಿ ಹಾಕಬಹುದು. 500 ರೂಪಾಯಿ! ಓದುವಾಗ ನಗು ಬರುತ್ತದೆ. ಆದರೆ ಕಾಯ್ದೆ ಜೀವಂತ ಇದೆ.

ಅದರ ಆರನೇ ಕಲಂ ನನಗೆ ಯಾವಾಗಲೂ ಇಷ್ಟ. ದಿವಾಳಿಯ ಲಕ್ಷಣಗಳು ಯಾವುವು ಎಂದು ಅದು ಪಟ್ಟಿ ಮಾಡುತ್ತದೆ. ಸಾಲಗಾರರ (ಈ ಬರಹದಲ್ಲಿ ಸಾಲಗಾರ ಎಂದರೆ ಸಾಲ ಕೊಟ್ಟವರು) ಕಣ್ಣು ತಪ್ಪಿಸಲು ಮನೆ ಬಿಟ್ಟು ಹೋಗುವುದು, ಯಾರ ಕೈಗೂ ಸಿಗದಂತೆ ಅಡಗಿ ಕೂರುವುದು ಅದರಲ್ಲಿವೆ. 1920ರಲ್ಲಿ ಮೊಬೈಲ್ ಇರಲಿಲ್ಲ. ಇದ್ದಿದ್ದರೆ "ಸ್ವಿಚ್ ಆಫ್ ಮಾಡುವುದು" ಎಂದೂ ಸೇರಿಸುತ್ತಿದ್ದರು. ಮಾಲಕರ ಫೋನು ಎರಡು ತಿಂಗಳಿಂದ ಬಂದ್ ಇತ್ತು.

ಅವರ ದೊಡ್ಡ ಹೆದರಿಕೆ ಜೈಲಿನದು. ಒಂದು ಪೇಢಿಯವರು "ಒಳಗೆ ಹಾಕಿಸ್ತೀವಿ" ಎಂದಿದ್ದರಂತೆ. ಕೈಯಲ್ಲಿ ನಿಜಕ್ಕೂ ಏನೂ ಇಲ್ಲದವನನ್ನು ಬರೀ ಹಣದ ಡಿಕ್ರಿಗಾಗಿ ಸೆರೆಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಅದನ್ನು ವಿವರಿಸಿದೆ. ಜೊತೆಗೆ ಇನ್ನೊಂದನ್ನೂ ಹೇಳಬೇಕಾಯಿತು. ಅವರ ಎರಡು ಚೆಕ್ ಬೌನ್ಸ್ ಆಗಿದ್ದವು. ಚೆಕ್ ಬೌನ್ಸಿಗೆ ಹಾಕುವ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕೇಸು ಕ್ರಿಮಿನಲ್ ಸ್ವರೂಪದ್ದು. ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಆ ದಿನ ಒಂದೂವರೆ ತಾಸು ಮಾತಾಡಿದೆವು. ಕಾಯ್ದೆ, ಕೋರ್ಟ್ ಫೀ, ದಾಖಲೆಗಳ ಪಟ್ಟಿ, ಎಲ್ಲ ಹೇಳಿದೆ. ಒಂದು ಮಾತು ಮಾತ್ರ ಹೇಳಲಿಲ್ಲ. "ಇವತ್ತಿನಿಂದ ಯಾರಿಗೂ ಒಂದು ರೂಪಾಯಿ ಕೊಡಬೇಡಿ." ಅದು ನನ್ನ ತಪ್ಪು. ಈ ಬರಹಕ್ಕೆ ಮುಖ್ಯ ಕಾರಣವೂ ಅದೇ.

ಎರಡು ಪಾವತಿ, ಒಂದು ಬಕ್ಷೀಸು

ಎರಡು ವಾರ ಬಿಟ್ಟು ಮಾಲಕರು ಕಿರ್ದಿ, ಖಾತೆ ಪುಸ್ತಕಗಳ ಗಂಟು ತಂದರು. ಕೆಂಪು ಬಟ್ಟೆಯ ರಟ್ಟಿನ ಹಳೆ ಥರದ ಪುಸ್ತಕಗಳು. ಲೆಕ್ಕ ಚೊಕ್ಕ ಇತ್ತು. ಇಷ್ಟು ಪ್ರಾಮಾಣಿಕ ಕಿರ್ದಿ ನಾನು ಜಾಸ್ತಿ ನೋಡಿಲ್ಲ. ತೊಂದರೆ ಕೊಟ್ಟದ್ದೂ ಆ ಪ್ರಾಮಾಣಿಕತೆಯೇ.

ಕೊನೆಯ ಹಾಳೆಗಳಲ್ಲಿ ಎರಡು ದೊಡ್ಡ ಖರ್ಚು ಕಂಡವು. ಮೇ ತಿಂಗಳಲ್ಲಿ ಫೈನಾನ್ಸಿನವನಿಗೆ 3 ಲಕ್ಷ. ಅವನ 6 ಲಕ್ಷದ ಬಾಕಿ ಇದನ್ನು ಕಳೆದು ಉಳಿದದ್ದು. ಆಮೇಲೆ ಜೂನ್‌ನಲ್ಲಿ, ನನ್ನ ಆಫೀಸಿಗೆ ಬಂದು ಹೋದ ಎರಡೇ ದಿನಕ್ಕೆ, ಒಬ್ಬ ಅಜ್ಜಿಗೆ 2 ಲಕ್ಷ 50 ಸಾವಿರ.

ಮೊದಲನೆಯದರ ಕಥೆ ಊಹಿಸಿದಂತೆಯೇ ಇತ್ತು. ಅವನು ನಾಲ್ಕು ಜನರೊಂದಿಗೆ ಮನೆ ಮುಂದೆ ಕುಳಿತಿದ್ದ. ಮಗಳು ಕಾಲೇಜಿಗೆ ಹೋಗುವ ಹೊತ್ತು. ಸ್ಟಾಕಿದ್ದ ಸೀರೆಯನ್ನೆಲ್ಲ ಅಗ್ಗಕ್ಕೆ ಕೊಟ್ಟು ಅವನಿಗೆ ಹಣ ಹೊಂದಿಸಿದ್ದರು.

ಅಜ್ಜಿಯದು ಬೇರೆ. ಗಂಡ ತೀರಿಕೊಂಡಾಗ ಬಂದ ಹಣವನ್ನು ಮಾಲಕರ ಹತ್ತಿರ ಇಟ್ಟಿದ್ದಳು. ಬ್ಯಾಂಕಿಗಿಂತ ಇವರ ಮೇಲೆ ಹೆಚ್ಚು ನಂಬಿಕೆ. ಒಂದು ದಿನವೂ ಕೇಳಿರಲಿಲ್ಲ. ನಾನು ದಿವಾಳಿ ಅರ್ಜಿಯ ಮಾತಾಡಿದ ಮೇಲೆ ಮಾಲಕರಿಗೆ ಮೊದಲು ನೆನಪಾದದ್ದು ಅವಳೇ. ಉಳಿದಿದ್ದ ಒಂದು ಗಿರಾಕಿಯ ಬಾಕಿ ಬಂದಿತ್ತು. ಅದನ್ನು ಒಯ್ದು ಕೊಟ್ಟರು. "ಪಾಪದ ಮುದುಕಿ ಸರ. ಅಕೀದು ಮುಳುಗಿಸಿ ನಾ ಎಲ್ಲಿ ಹೋಗ್ಲಿ?"

ಈಗ ಕಾನೂನು ಏನು ಹೇಳುತ್ತದೆ ನೋಡಿ. 1920ರ ಕಾಯ್ದೆಯ ಕಲಂ 54ರ ಪ್ರಕಾರ, ತೀರಿಸಲು ಆಗದ ಸ್ಥಿತಿಯಲ್ಲಿರುವವನು ಒಬ್ಬ ಸಾಲಗಾರನಿಗೆ ಉಳಿದವರಿಗಿಂತ ಹೆಚ್ಚಿನ ಅನುಕೂಲ ಆಗಲಿ ಎಂಬ ಉದ್ದೇಶದಿಂದ ಹಣ ಕೊಟ್ಟಿರಬೇಕು. ಅಲ್ಲಿಂದ ಮೂರು ತಿಂಗಳೊಳಗೆ ಸಲ್ಲಿಸಿದ ಅರ್ಜಿಯ ಮೇಲೆ ಅವನು ದಿವಾಳಿ ಎಂದು ಘೋಷಣೆಯಾದರೆ, ಆ ಪಾವತಿ ರಿಸೀವರ್ (ದಿವಾಳಿದಾರನ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವವರು) ಎದುರು ನಿಲ್ಲುವುದಿಲ್ಲ. ಇಲ್ಲಿ ತೂಕ ಇರುವುದು ಉದ್ದೇಶ ಎಂಬ ಮಾತಿಗೆ. ಕೊಡುವವನ ಮನಸ್ಸಿನಲ್ಲಿ ಮುಖ್ಯವಾಗಿ ಏನಿತ್ತು ಎಂದು ಕೋರ್ಟು ನೋಡುತ್ತದೆ. ಒತ್ತಡಕ್ಕೆ, ಹೆದರಿಕೆಗೆ ಕೊಟ್ಟಿದ್ದರೆ ಅದು ಬೇಕೆಂದೇ ತೋರಿಸಿದ ಅನುಕೂಲ ಅಲ್ಲ.

ಅಂದರೆ, ನಾಲ್ಕು ಜನರನ್ನು ಕರೆತಂದು ಮನೆ ಮುಂದೆ ಕೂತವನ 3 ಲಕ್ಷಕ್ಕೆ ಬಹುಪಾಲು ರಕ್ಷಣೆ. ಬಾಯೇ ಬಿಡದ ಮುದುಕಿಯ ಎರಡೂವರೆ ಲಕ್ಷಕ್ಕೆ ಇಲ್ಲ. ಏಕೆಂದರೆ ಅವಳಿಗೆ ಕೊಟ್ಟದ್ದು ಪ್ರೀತಿಯಿಂದ.

ಕಂಪನಿಗಳ ಹೊಸ ಸಂಹಿತೆಯಲ್ಲಿ ಈ ವಕ್ರತೆ ಇಲ್ಲ. ಅಲ್ಲಿ ಕಲಂ 43ರಲ್ಲಿ ಉದ್ದೇಶ ನೋಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಜೇಪಿ ಇನ್ಫ್ರಾಟೆಕ್ ಪ್ರಕರಣದಲ್ಲಿ ಸ್ಪಷ್ಟ ಮಾಡಿತು. ಸಂಬಂಧಪಟ್ಟವರಿಗೆ ಕೊಟ್ಟದ್ದಾದರೆ ಹಿಂದಿನ ಎರಡು ವರ್ಷ, ಬೇರೆಯವರಿಗಾದರೆ ಒಂದು ವರ್ಷ ಕೆದಕಿ ನೋಡಬಹುದು. ಆ ಲೆಕ್ಕದಲ್ಲಿ ಫೈನಾನ್ಸಿನವನೂ ಅಜ್ಜಿಯೂ ಒಂದೇ ತಕ್ಕಡಿಗೆ ಬರುತ್ತಿದ್ದರು. ಅದು ಅಜ್ಜಿಗೆ ಸಮಾಧಾನ ಅಲ್ಲ, ಬಿಡಿ.

ಮೂರನೆಯದು ಕಿರ್ದಿಯಲ್ಲಿ ಇರಲಿಲ್ಲ, ಸಿಟಿ ಸರ್ವೆ ಉತಾರದಲ್ಲಿ ಇತ್ತು. 2020ರ ನವೆಂಬರ್‌ನಲ್ಲಿ ಮಾಲಕರು ತಮ್ಮ ಮನೆಯನ್ನು ಹೆಂಡತಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿ ಕೊಟ್ಟಿದ್ದರು. ಅದಕ್ಕೆ ಒಂದು ತಿಂಗಳ ಮುಂಚೆ ಒಂದು ಪೇಢಿಯಿಂದ ವಕೀಲರ ನೋಟಿಸು ಬಂದಿತ್ತು. ಆಗ ಯಾರೋ ನೆಂಟರು ಕೊಟ್ಟ ಸಲಹೆ. "ಮನೀ ಒಂದ್ ಉಳಿಸ್ಕೋ" ಎಂದರಂತೆ.

ಐದು ತಿಂಗಳ ಪ್ರಶ್ನೆ

1920ರ ಕಾಯ್ದೆಯ ಕಲಂ 53 ಹೇಳುವುದಿಷ್ಟು. ಬೆಲೆ ಪಡೆಯದೆ ಮಾಡಿದ ಇಂಥ ವರ್ಗಾವಣೆಯಿಂದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಂದು, ಆ ಅರ್ಜಿಯ ಮೇಲೆ ಘೋಷಣೆಯಾದರೆ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಬಕ್ಷೀಸು ಆಗಿ 19 ತಿಂಗಳಾಗಿತ್ತು. ಐದು ತಿಂಗಳು ಸುಮ್ನಿದ್ದರೆ ಎರಡು ವರ್ಷ ದಾಟುತ್ತದೆ.

ಇದನ್ನು ನಾನು ಹೇಳುವ ಮೊದಲೇ ಹೆಂಡತಿಯ ತಮ್ಮ ಹೇಳಿದ. ಅವನಿಗೆ ಯಾವುದೋ ವಿಡಿಯೋದಲ್ಲಿ ಸಿಕ್ಕಿತ್ತು. "ಸರ, ಡಿಸೆಂಬರ್‌ಗೆ ಅರ್ಜಿ ಹಾಕ್ರಿ. ಮನೀನೂ ಉಳಿತೈತಿ, ಅಜ್ಜಿ ರೊಕ್ಕಾನೂ ಉಳಿತೈತಿ. ಮೂರು ತಿಂಗಳು ದಾಟಿರ್ತೈತಲ್ಲ." ಲೆಕ್ಕ ಸರಿಯೇ ಇತ್ತು. ತಪ್ಪು ಹುಡುಕಲು ನನಗೇ ಒಂದು ರಾತ್ರಿ ಬೇಕಾಯಿತು.

ಕಾನೂನಿನ ಉತ್ತರ ಒಂದಿತ್ತು. ಅರ್ಜಿ ನಾವೇ ಹಾಕಬೇಕೆಂದಿಲ್ಲ. ದಿವಾಳಿಯ ಲಕ್ಷಣ ಕಂಡ ಮೂರು ತಿಂಗಳೊಳಗೆ ಸಾಲಗಾರರೂ ಹಾಕಬಹುದು. ಅಲ್ಲದೆ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 53 ಬೇರೆ ಇದೆ. ಸಾಲಗಾರರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಅದರ ಅಡಿಯಲ್ಲಿ ಪ್ರಶ್ನಿಸಬಹುದು, ಅದಕ್ಕೆ ಈ ಎರಡು ವರ್ಷದ ಗೆರೆ ಇಲ್ಲ. ನೋಟಿಸು ಬಂದ ತಿಂಗಳಿಗೇ ಬಕ್ಷೀಸು ಮಾಡಿದವರು ಅಲ್ಲಿ ಗೆಲ್ಲುವುದು ಕಷ್ಟ.

ಆದರೆ ನನ್ನ ನಿಜವಾದ ಕಷ್ಟ ಅದಲ್ಲ. ಗಡುವು ಇರುವ ಕಾನೂನಿನಲ್ಲಿ ದಿನ ಎಣಿಸುವುದು ವಕೀಲನ ಕೆಲಸವೇ. ತೆರಿಗೆಯಲ್ಲಿ ಎಣಿಸುತ್ತೇವೆ, ಕಾಲಮಿತಿ ಕಾಯ್ದೆಯಲ್ಲಿ ಎಣಿಸುತ್ತೇವೆ. ಇಲ್ಲಿ ಮಾತ್ರ ಯಾಕೆ ಕೈ ನಡುಗಬೇಕು? ಒಬ್ಬ ಹಿರಿಯ ವಕೀಲರನ್ನು ಕೇಳಿದೆ. ಅವರು ಬಹಳ ಸರಳವಾಗಿ ಹೇಳಿದರು. "ಆ ಐದು ತಿಂಗಳು ನಿನ್ನ ಕಕ್ಷಿದಾರ ಏನು ಮಾಡ್ತಾನೆ? ಹೊಸ ನೂಲು ತರ್ತಾನಾ?" ಮಾಲಕರು ತರಬೇಕಿತ್ತು. ತರದಿದ್ದರೆ ಮಗ್ಗ ನಿಲ್ಲುತ್ತದೆ. ತಂದರೆ, ತೀರಿಸುವುದಿಲ್ಲ ಎಂದು ಗೊತ್ತಿದ್ದೂ ಉದ್ರಿ ತಂದಂತೆ. ಅದು ನನ್ನ ಸಲಹೆಯ ಮೇಲೆ ಆದಂತೆ. ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ ಕಲಂ 126 ವಕೀಲ ಮತ್ತು ಕಕ್ಷಿದಾರನ ಮಾತಿಗೆ ಗೋಪ್ಯತೆ ಕೊಡುತ್ತಿತ್ತು, ಆದರೆ ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಅಲ್ಲ.

ಮರುದಿನ ಮಾಲಕರಿಗೆ ಹೇಳಿದೆ. ಅರ್ಜಿ ಹಾಕುವುದಾದರೆ ಈಗ. ಎಲ್ಲವನ್ನೂ ಬರೆದು. ಬಕ್ಷೀಸು, ಅಜ್ಜಿ, ಫೈನಾನ್ಸು, ಮೂರೂ ಅರ್ಜಿಯಲ್ಲೇ ಇರಬೇಕು. ಕಾಯಬೇಕು ಅನ್ನಿಸಿದರೆ ನಿಮ್ಮ ಇಷ್ಟ, ಬೇರೆ ವಕೀಲರನ್ನು ನೋಡಿಕೊಳ್ಳಿ. ಅವರ ಹೆಂಡತಿಗೂ ಒಂದು ಮಾತು ಹೇಳಿದೆ. "ಅಕ್ಕಾ, ಈ ವಿಷಯದಲ್ಲಿ ನಿಮ್ಮ ಹಿತ ಬೇರೆ, ಅವರ ಹಿತ ಬೇರೆ. ನಾನು ಅವರ ವಕೀಲ. ನೀವು ಬೇರೆಯವರನ್ನು ಕೇಳಿ." ಆಕೆಗೆ ಇದು ಅರ್ಥವೇ ಆಗಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಒಲೆಯಲ್ಲಿ ಉಂಡವರಿಗೆ ಹಿತ ಬೇರೆ ಎಂದರೆ ಬೈಗುಳದ ಹಾಗೆ ಕೇಳುತ್ತದೆ.

ನಾಲ್ಕು ದಿನ ಸುದ್ದಿ ಇರಲಿಲ್ಲ. ಐದನೇ ದಿನ ಆಕೆಯೇ ಬಂದರು. ಜಮಖಂಡಿಯಲ್ಲಿ ಒಬ್ಬ ವಕೀಲರನ್ನು ಕಂಡು ಬಂದಿದ್ದರು. ಒಂದೇ ಪ್ರಶ್ನೆ ಕೇಳಿದರು. "ಮನೀ ಬಿಟ್ಟು ಕೊಟ್ರ ಇವ್ರಿಗೆ ಪ್ಯಾಟ್ಯಾಗ ಮತ್ತ ನೂಲು ಕೊಡ್ತಾರೇನ್ರಿ?" ನಾನು ಗೊತ್ತಿಲ್ಲ ಎಂದೆ. ಬಿಡದಿದ್ದರೆ ಖಂಡಿತ ಕೊಡುವುದಿಲ್ಲ ಎಂದೂ ಹೇಳಿದೆ.

ಜುಲೈ ಕೊನೆಗೆ ಅರ್ಜಿ ಸಲ್ಲಿಸಿದೆವು.

ಅಜ್ಜಿ ಆಫೀಸಿಗೆ ಬಂದದ್ದು

ಘೋಷಣೆ ಆದದ್ದು 2023ರ ಮಾರ್ಚ್‌ನಲ್ಲಿ. ಆ ದಿನದಿಂದ ಮಾಲಕರ ಆಸ್ತಿ ರಿಸೀವರ್ ಕೈಗೆ. ಕೋರ್ಟಿನ ಅನುಮತಿ ಇಲ್ಲದೆ ಯಾರೂ ಅವರ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಅಡವು ಇರುವ ಬ್ಯಾಂಕು ಮಾತ್ರ ಹೊರಗೇ ನಿಂತು ತನ್ನ ಅಡವಿನಿಂದ ವಸೂಲಿ ಮಾಡಿಕೊಳ್ಳಬಹುದು. ಇನ್ನೊಂದು ಷರತ್ತು ಕೇಳಿ ಮಾಲಕರು ಬೆಚ್ಚಿದರು. ಬಿಡುಗಡೆ ಆಗದ ದಿವಾಳಿದಾರ ತಾನು ಹಾಗೆಂದು ಹೇಳದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಉದ್ರಿ ತಂದರೆ ಅದು ಅಪರಾಧ. ಮರುದಿನದಿಂದ ಚಹಾದ ಅಂಗಡಿಯ ಲೆಕ್ಕವನ್ನೂ ಅಲ್ಲಲ್ಲೇ ಚುಕ್ತಾ ಮಾಡತೊಡಗಿದರು.

ರಿಸೀವರ್ ಅಜ್ಜಿಗೆ ನೋಟಿಸು ಕಳಿಸಿದರು. ಅವಳು ನೇರ ನನ್ನ ಆಫೀಸಿಗೆ ಬಂದಳು. ಸೆರಗಿನಲ್ಲಿ ಅಂಚೆ ಕಚೇರಿಯ ಪಾಸ್‌ಬುಕ್ ಸುತ್ತಿಕೊಂಡಿದ್ದಳು. ಹಣವನ್ನು ಅಲ್ಲೇ ಇಟ್ಟಿದ್ದಳು, ಒಂದು ರೂಪಾಯಿ ಮುಟ್ಟಿರಲಿಲ್ಲ.

"ನಾ ಏನರೆ ಕಳುವು ಮಾಡೀನೇನ್ರಿ ಸರ?"

ಇಲ್ಲ ಎಂದೆ. ಅದಕ್ಕಿಂತ ಜಾಸ್ತಿ ಹೇಳುವ ಹಾಗಿರಲಿಲ್ಲ. ನಾನು ಅವಳ ವಕೀಲ ಅಲ್ಲ. ಅವಳ ಪರವಾಗಿ ಒಂದು ಸಾಲು ಸಲಹೆ ಕೊಟ್ಟರೂ ಅದು ಇನ್ನೊಬ್ಬ ಸಾಲಗಾರನ ವಿರುದ್ಧ ಆಗುತ್ತಿತ್ತು. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಅವಳಿಗೆ ಸಿಕ್ಕ ಹುಡುಗಿ ಚುರುಕಾಗಿದ್ದಳು. ಇದು ಮಾಮೂಲಿ ಮರುಪಾವತಿ, ಅನುಕೂಲ ತೋರಿಸುವ ಉದ್ದೇಶ ಇರಲಿಲ್ಲ ಎಂದು ವಾದಿಸಲು ತಯಾರಾದಳು. ಆದರೆ ಮಾಲಕರು ರಿಸೀವರ್ ಎದುರು ಹೇಳಿಕೆ ಕೊಡುವಾಗ ತಮ್ಮ ಮಾತನ್ನೇ ಹೇಳಿಬಿಟ್ಟಿದ್ದರು. "ಮೊದಲು ಅವಳದು ಮುಟ್ಟಿಸಬೇಕು ಅಂತಲೇ ಕೊಟ್ಟೆ." ಉದ್ದೇಶಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಎಲ್ಲಿ ಸಿಗುತ್ತದೆ? ಸುಳ್ಳು ಹೇಳಿದ್ದರೆ ಅಜ್ಜಿ ಉಳಿಯುತ್ತಿದ್ದಳೇನೋ. ಹೇಳಲಿಲ್ಲ. ಹೇಳಿ ಎಂದು ನಾನೂ ಹೇಳಲಿಲ್ಲ.

ಫೈನಾನ್ಸಿನವನ ವಿಷಯದಲ್ಲಿ ರಿಸೀವರ್ ಕಡತ ನೋಡಿ ಕೈಬಿಟ್ಟರು. ಒತ್ತಡದಿಂದ ಕೊಟ್ಟದ್ದು, ಕಲಂ 54 ಹಿಡಿಯುವುದು ಕಷ್ಟ ಎಂದರು. ಆ 3 ಲಕ್ಷ ಕೊನೆಗೂ ವಾಪಸ್ ಬರಲಿಲ್ಲ. ಒಂದೇ ಸಮಾಧಾನ, ಉಳಿದ 6 ಲಕ್ಷಕ್ಕೆ ಅವನು ಕೋರ್ಟಿನತ್ತ ತಲೆ ಹಾಕಲಿಲ್ಲ. ಪರವಾನಗಿ ಇಲ್ಲದ ಲೇವಾದೇವಿ. ಜೊತೆಗೆ ವಿಪರೀತ ಬಡ್ಡಿ ನಿಷೇಧಕ್ಕೆ ನಮ್ಮಲ್ಲಿ 2004ರ ಕಾಯ್ದೆಯೇ ಇದೆ. ಬಡ್ಡಿ ಲೆಕ್ಕ ತೋರಿಸಬೇಕಾದೀತು ಎಂದು ಗೊತ್ತಿತ್ತು.

ಇಪ್ಪತ್ತು ರೂಪಾಯಿ ಮಜೂರಿ

ಇನ್ನು ನೇಕಾರರು. ಇಲ್ಲಿ ಹಳೆ ಕಾಯ್ದೆಯ ನಿಜವಾದ ವಯಸ್ಸು ಕಾಣುತ್ತದೆ. ಕಲಂ 61ರಲ್ಲಿ ಯಾರಿಗೆ ಮೊದಲು ಕೊಡಬೇಕು ಎಂಬ ಸರತಿ ಇದೆ. ಸರ್ಕಾರದ ಬಾಕಿ ಮೇಲೆ. ಅದರ ಸರಿಸಮಕ್ಕೇ ಗುಮಾಸ್ತ, ಆಳು, ಕೂಲಿಯವರ ಕೊನೆಯ ನಾಲ್ಕು ತಿಂಗಳ ಸಂಬಳ. 1920ರ ಮೂಲ ಪಠ್ಯದಲ್ಲಿ ಅದಕ್ಕೊಂದು ಮಿತಿ ಇದೆ, ತಲೆಗೆ 20 ರೂಪಾಯಿ. ಅದರ ಮೇಲಿನದ್ದು ಎಲ್ಲರ ಸಾಲಿನಲ್ಲಿ. 1920ರಲ್ಲಿ 20 ರೂಪಾಯಿ ದೊಡ್ಡ ಹಣವೇ. ಈಗ ಒಂದು ಸೀರೆಯ ಮಜೂರಿಯೂ ಅಲ್ಲ. ಇದೇ ನೇಕಾರರು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಕಾರ್ಮಿಕರಾಗಿದ್ದು, ಆ ಕಂಪನಿ ಮುಚ್ಚಿದ್ದರೆ? ಹೊಸ ಸಂಹಿತೆಯ ಕಲಂ 53ರಲ್ಲಿ ಕಾರ್ಮಿಕರ 24 ತಿಂಗಳ ಬಾಕಿ, ಅಡವು ಬಿಟ್ಟುಕೊಟ್ಟ ಬ್ಯಾಂಕಿನ ಸರಿಸಮಕ್ಕೆ ನಿಲ್ಲುತ್ತದೆ. ಮಗ್ಗ ಅದೇ, ಬೆವರು ಅದೇ. ಮಾಲಕನ ಬೋರ್ಡಿನಲ್ಲಿ "ಲಿಮಿಟೆಡ್" ಎಂದು ಇಲ್ಲದ್ದರಿಂದ ಮಜೂರಿ ಸಾಲಿನ ಕೊನೆಗೆ ಹೋಯಿತು.

ಹೀಗಾಗಿ ಬರೀ ಹಂಚಿಕೆಗೆ ಬಿಡದೆ ರಾಜಿಯ ದಾರಿ ಹಿಡಿದೆವು. ಕಲಂ 38ರಲ್ಲಿ ಅದಕ್ಕೆ ಅವಕಾಶ ಇದೆ. ದಿವಾಳಿದಾರ ಒಂದು ಪ್ರಸ್ತಾವ ಇಡುತ್ತಾನೆ. ಬಾಕಿ ಸಾಬೀತಾಗಿ ಸಭೆಗೆ ಬಂದ ಸಾಲಗಾರರಲ್ಲಿ ತಲೆಯ ಲೆಕ್ಕದಲ್ಲಿ ಹೆಚ್ಚಿನವರು, ಹಣದ ಲೆಕ್ಕದಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಕೋರ್ಟು ಮಂಜೂರು ಮಾಡಿದರೆ ಬಾರದವರಿಗೂ, ಒಪ್ಪದವರಿಗೂ ಅದು ಅನ್ವಯ.

ನವೆಂಬರ್‌ನ ಆ ಸಭೆಯನ್ನು ನಾನು ಮರೆಯುವುದಿಲ್ಲ. ನೇಕಾರರು 19 ಮಂದಿ ಬಂದಿದ್ದರು. ಕೈಗಡದವರು 8, ಪೇಢಿಯವರು 3, ಪತ್ತಿನ ಸಂಘದ ಒಬ್ಬ ಅಧಿಕಾರಿ. ತಲೆ ಎಣಿಸಿದರೆ ನೇಕಾರರೇ ಹೆಚ್ಚು. ರೊಕ್ಕ ಎಣಿಸಿದರೆ ಪೇಢಿ ಮತ್ತು ಸಂಘ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಏನೂ ಮಾಡಲು ಆಗದು. ನೂರು ವರ್ಷದ ಹಳೆ ಕಾಯ್ದೆಯಲ್ಲಿ ಇದೊಂದು ಜಾಗ ಮಾತ್ರ ಬಹಳ ಜಾಣತನದ್ದು ಅನ್ನಿಸಿತು.

ಪ್ರಸ್ತಾವ ಹೀಗಿತ್ತು. ಮನೆ ಮಾರಿ 16 ಲಕ್ಷ. ವಸೂಲಾದ ಉದ್ರಿ 4 ಲಕ್ಷ. ಉಳಿದ ಸರಕು 1 ಲಕ್ಷ. ಅಜ್ಜಿ ವಾಪಸ್ ಕಟ್ಟುವ ಎರಡೂವರೆ ಲಕ್ಷ. ಇದರಲ್ಲಿ ಖರ್ಚು ಕಳೆದು ಮೊದಲು ಮಜೂರಿ ಪೂರ್ತಿ. ಉಳಿದದ್ದನ್ನು ಎಲ್ಲರಿಗೂ ರೂಪಾಯಿಗೆ 47 ಪೈಸೆಯಂತೆ. ಬ್ಯಾಂಕಿನದು ಬೇರೆ, ಗೋದಾಮು ಮತ್ತು 10 ಮಗ್ಗ ಮಾರಿ 21 ಲಕ್ಷಕ್ಕೆ ಒಂದೇ ಸಲದ ಇತ್ಯರ್ಥ ಆಗಿತ್ತು. ಹಳೆಯ 6 ಮಗ್ಗ ಮಾಲಕರಿಗೇ ಬಿಡಬೇಕು.

ಕೈಗಡ ಕೊಟ್ಟಿದ್ದ ಒಬ್ಬ ನಿವೃತ್ತ ಮಾಸ್ತರು ಎದ್ದು ನಿಂತರು. "ಮಜೂರಿ ಅಂದ್ರ ಬೆವರಿನ ರೊಕ್ಕ, ಒಪ್ಪೀನಿ. ನನ್ನ ಪೆನ್ಷನ್ ಏನು ಬಿದ್ದಿದ್ದ ರೊಕ್ಕೇನ್ರಿ? ಅವರಿಗೆ ನೂರು, ನನಗ ನಲವತ್ತೇಳು ಯಾಕ?" ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಕಾನೂನೂ ಅವರ ಕಡೆಗೇ ಇತ್ತು. ಇಪ್ಪತ್ತು ರೂಪಾಯಿ ದಾಟಿದ ಮಜೂರಿಗೂ ಅವರ ಕೈಗಡಕ್ಕೂ ಕಾಯ್ದೆಯಲ್ಲಿ ಅಂತರ ಇಲ್ಲ.

ಉತ್ತರ ಕೊಟ್ಟದ್ದು ಇಚಲಕರಂಜಿಯ ಪೇಢಿಯವರು. ಜೈಲಿಗೆ ಹಾಕಿಸ್ತೀವಿ ಎಂದಿದ್ದವರು ಅವರೇ. ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದರು. ಮಜೂರಿ ಮುಳುಗಿಸಿದವನ ಬೀಮನ್ನು ಈ ಊರಲ್ಲಿ ಯಾರೂ ಮಗ್ಗಕ್ಕೆ ಏರಿಸುವುದಿಲ್ಲ. ಆರು ಮಗ್ಗ ಗುಜರಿಗೆ ಹಾಕಿದರೆ ನಿಮಗೆ ರೂಪಾಯಿಗೆ ಮೂರು ಪೈಸೆ ಜಾಸ್ತಿ ಬರಬಹುದು. ನನಗೆ ಮೂರು ಪೈಸೆ ಬೇಡ, ಗಿರಾಕಿ ಬೇಕು. ಅವರ ಮಾತಿನಲ್ಲಿ ದಯೆ ಎಳ್ಳಷ್ಟೂ ಇರಲಿಲ್ಲ. ಬರೀ ವ್ಯಾಪಾರ. ಪ್ರಸ್ತಾವ ಪಾಸಾದದ್ದು ಅದರಿಂದಲೇ. ಮಾಸ್ತರು ವಿರೋಧವಾಗಿಯೇ ಮತ ಹಾಕಿದರು. ಪತ್ತಿನ ಸಂಘ ಜಾಮೀನು ಬಿದ್ದ ಭಾವನ ಮೇಲಿನ ತನ್ನ ಹಕ್ಕನ್ನು ಉಳಿಸಿಕೊಂಡು ಒಪ್ಪಿತು. ಆ ಭಾವ ಇಂದಿಗೂ ಮಾಲಕರ ಜೊತೆ ಮಾತಾಡುವುದಿಲ್ಲ.

2024ರ ಏಪ್ರಿಲ್‌ನಲ್ಲಿ ಕೋರ್ಟು ರಾಜಿಯನ್ನು ಮಂಜೂರು ಮಾಡಿತು, ದಿವಾಳಿ ಘೋಷಣೆ ರದ್ದಾಯಿತು. ಎರಡು ಚೆಕ್ ಕೇಸು ಅದೇ ಲೆಕ್ಕದಲ್ಲಿ ರಾಜಿಯಾದವು. ಮಾಲಕರು ಕೇಳಿದ 180 ದಿನದ ಜಾಗದಲ್ಲಿ 21 ತಿಂಗಳು ಹಿಡಿಯಿತು.

ಆಮೇಲೆ

ನನ್ನ ಆಫೀಸಿನಲ್ಲಿ ಈಗ ಸಾಲದ ಕಕ್ಷಿದಾರರು ಬಂದರೆ ಕುರ್ಚಿಯಲ್ಲಿ ಕೂರುವ ಮೊದಲೇ ಮೂರು ಪ್ರಶ್ನೆ. ಕಳೆದ ಮೂರು ತಿಂಗಳಲ್ಲಿ ಯಾರಿಗೆ ಕೊಟ್ಟಿರಿ? ಎರಡು ವರ್ಷದಲ್ಲಿ ಯಾರ ಹೆಸರಿಗೆ ಏನು ಮಾಡಿದಿರಿ? ಯಾರು ಜಾಮೀನು ಬಿದ್ದಿದ್ದಾರೆ? ಆಮೇಲೆ ಆ ಮಾತು: ಇವತ್ತಿನಿಂದ ಯಾರಿಗೂ ಕೊಡಬೇಡಿ, ಕೊಡಬೇಕು ಅನ್ನಿಸಿದವರಿಗಂತೂ ಬೇಡವೇ ಬೇಡ. ಅಜ್ಜಿಗೆ ಆ ಹಣ ಕೊಡದೇ ಇದ್ದಿದ್ದರೂ ಕೊನೆಗೆ ಅವಳಿಗೆ ಸಿಗುತ್ತಿದ್ದುದು ಅಷ್ಟೇ, 1 ಲಕ್ಷ 17 ಸಾವಿರದ 500. ಆದರೆ ನೋಟಿಸು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತಿತ್ತು.

ಮಾಲಕರು ಈಗ ಬಾಡಿಗೆ ಮನೆಯಲ್ಲಿದ್ದಾರೆ. ಆರು ಮಗ್ಗ ನಡೆಯುತ್ತಿವೆ. ನೂಲು ನಗದಿಗೆ ತರುತ್ತಾರೆ, ಹದಿನೈದು ದಿನದ ಉದ್ರಿ ಈಚೆಗೆ ಶುರುವಾಗಿದೆ. ಪ್ರತಿ ತಿಂಗಳು ಅಜ್ಜಿಗೆ 2 ಸಾವಿರ ಒಯ್ದು ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದು ದೀಪಾವಳಿಯ ಹೊತ್ತಿಗೆ. ಎದೆ ಧಸಕ್ಕೆಂದಿತು. ರಾಜಿಗೆ ಒಪ್ಪಿಸಲು ಒಬ್ಬ ಸಾಲಗಾರನಿಗೆ ಒಳಗೊಳಗೇ ಹೆಚ್ಚಿನ ಮಾತು ಕೊಟ್ಟಿದ್ದರೆ ಇಡೀ ರಾಜಿಯೇ ಕೆಡುತ್ತದೆ.

"ಮತ ಹಾಕೋ ಮೊದಲು ಅಜ್ಜಿಗೆ ಮಾತು ಕೊಟ್ಟಿದ್ರಾ?" ಎಂದು ಕೇಳಿದೆ.

"ಆಗ ಕೊಡಾಕ ನನ್ನ ಹಂತೇಕ ಏನಿತ್ರಿ ಸರ, ಮಾತಿನ ಹೊರ್ತು? ಅದನ್ನೂ ನೀವು ಬ್ಯಾಡ ಅಂದಿದ್ರಿ," ಎಂದರು.

ಮಂಜೂರಾದ ಮೇಲೆ ಹೊಸ ದುಡಿಮೆಯಿಂದ ತಾವಾಗಿ ಕೊಡುವುದಕ್ಕೆ ಅಡ್ಡಿ ಇಲ್ಲ. ಅಷ್ಟು ಹೇಳಿ ಕಳಿಸಿದೆ. ಒಂದು ವಾರಕ್ಕೆ ಇಚಲಕರಂಜಿಯಿಂದ ಫೋನು ಬಂತು. ಮುದುಕಿಗೆ ತಿಂಗಳಾ ಮುಟ್ಟಿಸುತ್ತಾರಂತೆ, ನಮ್ಮ ಸರತಿ ಯಾವಾಗ ವಕೀಲ್ರೇ ಎಂದರು. ಕಾನೂನಿನ ಪ್ರಕಾರ ನಿಮಗಿನ್ನು ಏನೂ ಬರಬೇಕಾಗಿಲ್ಲ ಎಂದೆ. ಗೊತ್ತು, ಸುಮ್ನೆ ಕೇಳಿದೆ ಎಂದು ನಕ್ಕು, ಮುಂದಿನ ವಾರದ ನೂಲಿನ ದರ ಹೇಳಿ ಮಾಲಕರಿಗೆ ಮುಟ್ಟಿಸಿಬಿಡಿ ಎಂದರು.